ಬಿಡುವಿನ ಬುಟ್ಟಿ: ಷೋಕೇಸಿನಲ್ಲಿ ಒಂದು ಸ್ಪಿಟ್‌ಫೈರ್



ಕಳೆದ ಸಂಚಿಕೆಯ ಮಾವಿನಕಾಯಿ ತೊಕ್ಕಿನ ಬಗ್ಗೆ ಬಂದ ಕಾಗದಗಳ ನಡುವೆ, ತೊಕ್ಕಿಗೂ ಉಪ್ಪಿನಕಾಯಿಗೂ ಏನೇನೂ ಸಂಬಂಧವಿಲ್ಲದ ಕಾಗದವೊಂದಿತ್ತು. ಅರಸೀಕೆರೆ ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ: “ನಮ್ಮ ಯಜಮಾನರು ರಿಟೈರ್ ಆಗಿ ಒಂದು ವರ್ಷ ಆಯ್ತು. ಈಗ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್ ಮಾಡ್ತೀನಿ ಅಂತ ಹಠ ಹಿಡಿದಿದ್ದಾರೆ. ಅದೂ ಅಂಗೈ ಅಗಲದ್ದಲ್ಲ, ಮೊಳ ಉದ್ದದ್ದು. ಆ ದುಡ್ಡಿಗೆ ಒಳ್ಳೆಯ ಮಿಕ್ಸಿ ಬರುತ್ತೆ. ಚಿಕ್ಕದು ತಗೊಂಡ್ರೆ ಆಗೋಲ್ವೆ? ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ? ನೀವೇ ಹೇಳಿ.”

ಓದಿದಾಗ ಮೊದಲು ನಗು ಬಂತು. ಹಿಂದೆಯೇ ಮುಖ ಸಣ್ಣದಾಯಿತು. ಯಾಕೆ ಅಂತೀರಾ? ಮೂರು ವರ್ಷದ ಹಿಂದೆ ಇದೇ ಮಾತನ್ನು, ಇದಕ್ಕಿಂತ ಒರಟಾಗಿ, ನಾನೇ ಆಡಿದ್ದೆ.

ನಮ್ಮ ಮನೆಯವರು ಮೂವತ್ನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದವರು. ಚಿಕ್ಕಂದಿನಲ್ಲಿ ಯಾರದೋ ಮನೆಯ ಮೇಜಿನ ಮೇಲೆ ನೋಡಿದ್ದ ಸ್ಪಿಟ್‌ಫೈರ್ ವಿಮಾನದ ಮಾಡೆಲ್ ಅವರ ಮನಸ್ಸಿನಲ್ಲಿ ಹಾಗೇ ಉಳಿದುಬಿಟ್ಟಿತ್ತಂತೆ. ರಿಟೈರ್ ಆದ ಮೇಲೆ ನನ್ನನ್ನು ಕೇಳದೆ ಅಂಥದ್ದೊಂದು ದೊಡ್ಡ ಪೆಟ್ಟಿಗೆ ತರಿಸಿದರು. ಬೆಲೆ ತಿಳಿದು ನನಗೆ ಪಿತ್ತ ನೆತ್ತಿಗೇರಿತು. “ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಇದೇ ಇರಬೇಕು” ಎಂದುಬಿಟ್ಟೆ. ಅದೂ ಮೊಮ್ಮಗನ ಎದುರಿಗೆ. ಅವರು ಏನೂ ಹೇಳಲಿಲ್ಲ. ಎರಡು ವಾರ ವರಾಂಡದಲ್ಲಿ ಕೂತು ಏನೋ ಮಾಡಿದರು. ಆಮೇಲೆ ಪೆಟ್ಟಿಗೆ ಬೀರುವಿನ ತಲೆಯ ಮೇಲೆ ಹೋಯಿತು. ಎಂಟು ತಿಂಗಳು ಅಲ್ಲೇ ಧೂಳು ತಿಂದಿತು. ನನ್ನ ಮಾತು ನಾಟಿತು ಅಂತ ನಾನು ಒಳಗೊಳಗೇ ಬೀಗಿದ್ದೂ ಉಂಟು.

ದೀಪಾವಳಿಗೆ ಮನೆ ಗುಡಿಸುವಾಗ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದೆ. ಒಳಗೆ ಬೆರಳ ಗೆಣ್ಣಿನಷ್ಟು ದೊಡ್ಡ ಪೈಲಟ್ ಕುರ್ಚಿ. ಅದಕ್ಕೆ ಬೆಲ್ಟು ಅಂಟಿಸಿ, ಕಿತ್ತು, ಮತ್ತೆ ಅಂಟಿಸಿ, ಮತ್ತೆ ಕಿತ್ತ ಗುರುತುಗಳು. ಅಂಟು ಮೆತ್ತಿ ಒಣಗಿತ್ತು. ಪುಟಾಣಿ ಲೋಹದ ಬೆಲ್ಟುಗಳು ಮುದುಡಿ ಒಂದು ಮೂಲೆಯಲ್ಲಿ ಬಿದ್ದಿದ್ದವು. ಅದನ್ನು ಹಿಡಿದುಕೊಂಡೇ ಹೋಗಿ “ಇದೇನ್ರೀ?” ಅಂದೆ. “ಕೈ ನಡುಗುತ್ತೆ ಕಣೇ. ಕೂರ್ತಾನೇ ಇಲ್ಲ” ಅಂದರು.

ಆಗ ನನಗೆ ಹೊಳೆಯಿತು. ಅಷ್ಟೂ ತಿಂಗಳಿಂದ ಅವರು “ಅರ್ಧ ಲೋಟ ಕಾಫಿ ಸಾಕು” ಎನ್ನುತ್ತಿದ್ದರು. ಹೊಟ್ಟೆಗೆ ಹೆಚ್ಚಾಗುತ್ತೇನೋ ಅಂದುಕೊಂಡಿದ್ದೆ. ತುಂಬಿದ ಲೋಟ ತುಳುಕುತ್ತದೆಂದು ಅರ್ಧ ಕೇಳುತ್ತಿದ್ದರು! ಮರುದಿನವೇ ಡಾಕ್ಟರಿಗೆ ತೋರಿಸಿದೆವು, ಔಷಧಿ ನಡೆಯುತ್ತಿದೆ. ಅಂದು ಸಂಜೆ ಆ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲಿಟ್ಟು, “ಬೆಲ್ಟು ನಾನು ಮಾಡ್ತೀನಿ, ಮಿಕ್ಕಿದ್ದು ನೀವು ನೋಡಿ” ಅಂದೆ.

ಹೀಗೆ ನಾನು ಈ ವಿದ್ಯೆಗೆ ಬಿದ್ದೆ. ಈಗ ಆ ಸೋದರಿಯ ಪ್ರಶ್ನೆಗೆ ಉತ್ತರ ಹೇಳಲು ನನಗೆ ಅಷ್ಟಿಷ್ಟು ಅಧಿಕಾರ ಬಂದಿದೆ.

ಚಿಕ್ಕದು ಆಗೋಲ್ವೆ?

ಮೊದಲು ಅಳತೆ ತಿಳಿದುಕೊಳ್ಳಿ. ಪೆಟ್ಟಿಗೆಯ ಮೇಲೆ 1:72, 1:48, 1:32, 1:24 ಅಂತ ಬರೆದಿರುತ್ತದೆ. 1:32 ಎಂದರೆ ನಿಜ ವಿಮಾನದ 32 ಅಂಗುಲ ಇಲ್ಲಿ 1 ಅಂಗುಲ. ಸ್ಪಿಟ್‌ಫೈರಿನ ರೆಕ್ಕೆ ತುದಿಯಿಂದ ತುದಿಗೆ 36 ಅಡಿ 10 ಅಂಗುಲ. ಅದು 1:72ರಲ್ಲಿ 6 ಅಂಗುಲ, 1:48ರಲ್ಲಿ 9 ಅಂಗುಲ, 1:32ರಲ್ಲಿ ಸುಮಾರು 14 ಅಂಗುಲ, 1:24ರಲ್ಲಿ 18 ಅಂಗುಲಕ್ಕೂ ಮಿಗಿಲು.

ಚಿಕ್ಕದು ಅಗ್ಗ, ನಿಜ. ಆದರೆ ಅದರ ಬಿಡಿಭಾಗಗಳು ಸಾಸಿವೆ, ಜೀರಿಗೆ ಇದ್ದಹಾಗೆ. ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ಅದು ಶಿಕ್ಷೆ. ದೊಡ್ಡದರಲ್ಲಿ ಹೆಚ್ಚಿನ ಭಾಗಗಳು ಬೆರಳಿಗೆ ಸಿಗುತ್ತವೆ, ಕೂರಿಸಿದ ಜಾಗ ಕಾಣುತ್ತದೆ. ವಯಸ್ಸಾದವರು ದೊಡ್ಡದನ್ನು ಕೇಳಿದರೆ ಅದು ದೊಡ್ಡಸ್ತಿಕೆಯೇ ಆಗಿರಬೇಕಿಲ್ಲ. ಕಾರಣ ಕೇಳಿ ನೋಡಿ. ಕೇಳದೆ ಬೈದವಳು ನಾನು.

ಆದರೆ ತರಿಸುವ ಮುಂಚೆ ಟೇಪು ಹಿಡಿದು ಷೋಕೇಸನ್ನು ಅಳೆಯಿರಿ. ನಮ್ಮದು 13 ಅಂಗುಲ ಆಳ. 1:32 ಅಳತೆಯ ಮಾರ್ಕ್ 9 ಸ್ಪಿಟ್‌ಫೈರಿನ ಉದ್ದ ಸುಮಾರು 12 ಅಂಗುಲ, ಆದ್ದರಿಂದ ಮೂತಿಯನ್ನು ಗಾಜಿನ ಕಡೆಗಿಟ್ಟರೆ ಸರಿಯಾಗಿ ಕೂರುತ್ತದೆ. 1:24 ಆಗಿದ್ದರೆ ಬಾಲ ಹಿಂದಿನ ಹಲಗೆಗೆ ತಾಗಿ ಬಾಗಿಲೇ ಮುಚ್ಚುತ್ತಿರಲಿಲ್ಲ.

ಮೊದಲು ವಿಮಾನ, ಆಮೇಲೆ ಪೆಟ್ಟಿಗೆ

ನಾವು ಸೀರೆ ಕೊಳ್ಳುವಾಗ ಯಾರ ಮದುವೆಗೆ, ಯಾವ ಕಾಲಕ್ಕೆ ಎಂದು ಯೋಚಿಸಿ ಕೊಳ್ಳುತ್ತೇವೆ ತಾನೆ? ಇಲ್ಲೂ ಹಾಗೆಯೇ. ಮುಚ್ಚಳದ ಚಿತ್ರ ನೋಡಿ ಮರುಳಾಗಬಾರದು.

ಸ್ಪಿಟ್‌ಫೈರ್ ಎಂದರೆ ಒಂದೇ ವಿಮಾನ ಅಲ್ಲ. ಇಂಗ್ಲೆಂಡಿನ ಆರ್. ಜೆ. ಮಿಚೆಲ್ ಎಂಬ ಎಂಜಿನಿಯರು ರೂಪಿಸಿದ ಮೊದಲ ವಿಮಾನ 1936ರ ಮಾರ್ಚಿಯಲ್ಲಿ ಹಾರಿತು. ಮರುವರ್ಷವೇ ಅವರು ತೀರಿಕೊಂಡರು. ಅವರ ಜೊತೆಗಾರರು ಅದನ್ನು ತಿದ್ದುತ್ತಲೇ ಹೋದರು. ಒಟ್ಟು 20 ಸಾವಿರಕ್ಕೂ ಹೆಚ್ಚು ತಯಾರಾದವು. ಒಂದೊಂದು ತಿದ್ದುಪಡಿಗೂ ಮಾರ್ಕ್ 1, ಮಾರ್ಕ್ 5, ಮಾರ್ಕ್ 9 ಎಂದು ಹೆಸರು. ಮಾರ್ಕ್ 5ಕ್ಕೆ ಮೂರು ಅಲಗಿನ ಪ್ರೊಪೆಲರು. ಒಂದು ರೆಕ್ಕೆಯ ಕೆಳಗೆ ದೊಡ್ಡ ರೇಡಿಯೇಟರು, ಇನ್ನೊಂದರ ಕೆಳಗೆ ಎಣ್ಣೆ ತಣಿಸುವ ಸಣ್ಣ ಡಬ್ಬಿ. ಮಾರ್ಕ್ 9ಕ್ಕೆ ನಾಲ್ಕು ಅಲಗು, ಉದ್ದ ಮೂತಿ, ಎರಡೂ ರೆಕ್ಕೆಯ ಕೆಳಗೆ ಒಂದೇ ತರಹದ ಡಬ್ಬಿಗಳು. ಒಂದರ ಪೆಟ್ಟಿಗೆ ತಂದು ಇನ್ನೊಂದರ ಬಣ್ಣ ಬಳಿದರೆ, ಮಡಿಸೀರೆಯ ಮೇಲೆ ಕೋಟು ಹಾಕಿದಂತೆ!

ನಮಗೆ ಯಾವುದನ್ನು ಮಾಡಬೇಕೆಂದು ತೋರಿಸಿಕೊಟ್ಟವನು ಮೊಮ್ಮಗ. “ಅಜ್ಜಿ, ನಮ್ಮ ಮೈಸೂರಿನ ಹೆಸರಿನದೇ ಒಂದು ಸ್ಪಿಟ್‌ಫೈರ್ ದಳ ಇತ್ತು ಗೊತ್ತಾ?” ಅಂದ. ಹೌದು ಸೋದರಿಯರೇ. ಬ್ರಿಟಿಷ್ ವಾಯುಪಡೆಯ 129ನೇ ಸ್ಕ್ವಾಡ್ರನ್ನಿಗೆ ಮೈಸೂರು ಎಂದೇ ಹೆಸರು. ಯುದ್ಧಕ್ಕೆ ಮೈಸೂರು ಸಂಸ್ಥಾನ ಕೊಟ್ಟ ಹಣದ ನೆನಪಿಗೆ ಆ ಹೆಸರಿಟ್ಟರು. ಅದರ ಲಾಂಛನ ಏನು ಗೊತ್ತೆ? ನಮ್ಮ ಗಂಡಭೇರುಂಡ! 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್ ಎಂಬಲ್ಲಿ ಮತ್ತೆ ಕಟ್ಟಿದ ದಳ ಅದು. ಮೊದಲು ಹಳೆಯ ಮಾರ್ಕುಗಳನ್ನು ಹಾರಿಸಿ, ಅದೇ ವರ್ಷ ಮಾರ್ಕ್ 5-ಬಿ ಪಡೆಯಿತು. 1943ರಲ್ಲಿ ಮಾರ್ಕ್ 9 ಬಂತು. 1944ರಲ್ಲಿ ಸ್ಪಿಟ್‌ಫೈರ್ ಬಿಟ್ಟು ಮುಸ್ಟಾಂಗ್ ವಿಮಾನಕ್ಕೆ ಹೋಯಿತು. ಅವರ ವಿಮಾನಗಳ ಪಕ್ಕೆಯ ಮೇಲೆ ಡಿ, ವಿ ಎಂಬ ಇಂಗ್ಲಿಷ್ ಅಕ್ಷರಗಳು.

ನಮ್ಮವರು ತರಿಸಿದ್ದ ಪೆಟ್ಟಿಗೆ ಪುಣ್ಯಕ್ಕೆ ಮಾರ್ಕ್ 9ರದೇ ಆಗಿತ್ತು. ಕಣ್ಮುಚ್ಚಿ ಎಸೆದ ಕಲ್ಲು ಕಾಯಿಗೆ ತಗುಲಿತು ಅನ್ನಿ. ನೀವು ಹಾಗೆ ಮಾಡಬೇಡಿ. ಮೊದಲು ಯಾವ ದಳ, ಯಾವ ವರ್ಷ ಎಂದು ಗೊತ್ತುಮಾಡಿಕೊಳ್ಳಿ. ನಮ್ಮ ಭಾರತೀಯ ವಾಯುಪಡೆಯದೇ ಬೇಕೆಂದರೆ ಅದೂ ಇದೆ: 8ನೇ ಸ್ಕ್ವಾಡ್ರನ್ನಿಗೆ 1944ರಲ್ಲಿ ಮಾರ್ಕ್ 8 ಸ್ಪಿಟ್‌ಫೈರ್ ಬಂದಿತ್ತು.

ಯಾವ ಪೆಟ್ಟಿಗೆ?

1:32 ಅಳತೆಯಲ್ಲಿ ಜಪಾನಿನ ತಮಿಯಾ ಕಂಪನಿಯ ಮಾರ್ಕ್ 9 (2009) ಮತ್ತು ಮಾರ್ಕ್ 8 (2010) ಬಲು ಹೆಸರುವಾಸಿ. ಎಂಜಿನ್ ಕೂಡ ಇರುತ್ತದೆ. ಅದರ ಮೇಲಿನ ಮುಚ್ಚಳಗಳು ಪುಟ್ಟ ಅಯಸ್ಕಾಂತಗಳಿಂದ ಹಿಡಿದುಕೊಳ್ಳುತ್ತವೆ, ಬೇಕಾದಾಗ ತೆಗೆದು ತೋರಿಸಬಹುದು. ಆದರೆ ದುಬಾರಿ, ಬಿಡಿಭಾಗಗಳೂ ವಿಪರೀತ. ಮೊದಲ ಸಲ ಕೂರುವವರಿಗೆ ನಾನಂತೂ ಹೇಳೋದಿಲ್ಲ. ರೆವೆಲ್ ಕಂಪನಿಯ ಮಾರ್ಕ್ 2 (2014) ಮತ್ತು ಮಾರ್ಕ್ 9 (2017) ಅದಕ್ಕಿಂತ ಎಷ್ಟೋ ಅಗ್ಗ, ಭಾಗಗಳೂ ಕಡಿಮೆ. ಮಾರ್ಕ್ 5-ಬಿ ಬೇಕೆಂದರೆ ಹಾಬಿಬಾಸ್ ಕಂಪನಿಯದಿದೆ.

1:24ರಲ್ಲಿ ಇಂಗ್ಲೆಂಡಿನ ಏರ್‌ಫಿಕ್ಸ್ 1970ರಲ್ಲೇ ಮಾರ್ಕ್ 1 ತಂದಿತ್ತು. ಅದೇ ಕಂಪನಿ 2022ರಲ್ಲಿ ಹೊಸ ಅಚ್ಚಿನ ಮಾರ್ಕ್ 9 ಹೊರತಂದಿತು. ಹಳೆಯ ಅಚ್ಚಿನ ಪೆಟ್ಟಿಗೆ ಹೊಸ ಮುಚ್ಚಳ ತೊಟ್ಟು ಬರುವುದೂ ಈ ವ್ಯಾಪಾರದಲ್ಲಿ ಮಾಮೂಲು. ಅದಕ್ಕೇ ಅಚ್ಚು ಯಾವ ವರ್ಷದ್ದು ಎಂದು ಕೇಳಿಯೇ ದುಡ್ಡು ಕೊಡಿ. ಹಳೆಯ ಅಚ್ಚು ಕೆಟ್ಟದ್ದೇನಲ್ಲ, ಉಜ್ಜಿ ತಿದ್ದುವ ಕೆಲಸ ಹೆಚ್ಚು, ಅಷ್ಟೆ.

ತಿದ್ದುವುದು ಎಂದರೆ ಕೊಳ್ಳುವುದಲ್ಲ

ಪೆಟ್ಟಿಗೆ ಬಂದ ಮೇಲೆ ಇನ್ನೊಂದು ಖರ್ಚು ಬಾಗಿಲು ತಟ್ಟುತ್ತದೆ. ಬೇರೆ ಬೇರೆ ಕಂಪನಿಗಳು ಲೋಹದ ಬೆಲ್ಟು, ರಾಳದ ಚಕ್ರ, ಹಿತ್ತಾಳೆಯ ಬಂದೂಕಿನ ನಳಿಗೆ ಎಂದೆಲ್ಲ ಪ್ರತ್ಯೇಕವಾಗಿ ಮಾರುತ್ತವೆ. ಎಲ್ಲ ಸೇರಿದರೆ ಪೆಟ್ಟಿಗೆಯ ಬೆಲೆಯನ್ನೂ ಮೀರೀತು. ಇಲ್ಲಿ ಗೃಹಿಣಿಯ ಬುದ್ಧಿ ಕೆಲಸಕ್ಕೆ ಬರುತ್ತದೆ. ಒಂದೇ ಪ್ರಶ್ನೆ ಕೇಳಿ: ಮುಗಿದ ಮೇಲೆ ಇದು ಕಣ್ಣಿಗೆ ಕಾಣುತ್ತದೆಯೆ?

ಉದಾಹರಣೆಗೆ, ರೆಕ್ಕೆಯ ಹಿಂಬದಿಯ ಫ್ಲಾಪ್ ಇಳಿಬಿಡಲು ಲೋಹದ ಹಾಳೆಯ ಸೆಟ್ಟು ಸಿಗುತ್ತದೆ. ನೋಡಲು ಚಂದವೇ. ಆದರೆ ಸ್ಪಿಟ್‌ಫೈರ್ ಇಳಿದ ಕೂಡಲೇ ಪೈಲಟ್ ಫ್ಲಾಪ್ ಎತ್ತಿಬಿಡಬೇಕೆಂಬುದು ರೂಢಿ. ನಿಂತ ವಿಮಾನದಲ್ಲಿ ಅದು ಇಳಿದಿರುವುದು ಅಪರೂಪ. ಬೇಡ, ದುಡ್ಡು ಉಳಿಯಿತು!

ಮೈಮೇಲಿನ ರಿವೆಟ್ ಮೊಳೆಗಳ ವಿಷಯ ಬೇರೆ. ಅದು ನೋಡಿದ ಕೂಡಲೇ ಕಾಣುತ್ತದೆ. ಹಳೆಯ ಅಚ್ಚುಗಳಲ್ಲಿ ಮೈತುಂಬ ಬೆವರುಸಾಲೆಯಂತೆ ಉಬ್ಬಿದ ರಿವೆಟ್‌ಗಳಿರುತ್ತವೆ. ಇದರ ಬಗ್ಗೆ ಒಂದು ಸೊಗಸಾದ ಕಥೆ ಇದೆ, ಕಟ್ಟುಕಥೆಯಲ್ಲ. ಚಪ್ಪಟೆ ತಲೆಯ ರಿವೆಟ್ ಹಾಕುವುದು ಹೆಚ್ಚು ಶ್ರಮದ ಕೆಲಸ, ಉಬ್ಬು ತಲೆಯದು ಸುಲಭ. ಉಬ್ಬಿದ್ದರೆ ವೇಗ ಎಷ್ಟು ತಗ್ಗುತ್ತದೆಂದು ನೋಡಲು ಎಂಜಿನಿಯರುಗಳು ವಿಮಾನದ ನುಣುಪು ಮೈಗೆ ಒಡೆದ ಬಟಾಣಿ ಬೇಳೆಗಳನ್ನು ಅಂಟಿಸಿ ಹಾರಿಸಿದರು! ಎಲ್ಲ ಕಡೆ ಬೇಳೆ ಇದ್ದಾಗ ವೇಗ ಗಂಟೆಗೆ 22 ಮೈಲಿ ಇಳಿಯಿತು. ಆಮೇಲೆ ಸಾಲುಸಾಲಾಗಿ ಬೇಳೆ ಕಿತ್ತು ನೋಡಿ, ಎಲ್ಲಿ ಉಬ್ಬಿದ್ದರೆ ನಡೆಯುತ್ತದೆ, ಎಲ್ಲಿ ಚಪ್ಪಟೆಯೇ ಆಗಬೇಕು ಎಂದು ತೀರ್ಮಾನಿಸಿದರು. ಅದಕ್ಕೇ ಉಬ್ಬು ಕಂಡಲ್ಲಿ ನೀರು ಹಚ್ಚಿದ ನುಣುಪು ಎಮರಿ ಕಾಗದದಿಂದ ಹಗುರವಾಗಿ ಉಜ್ಜಿ. ಈ ಕೆಲಸಕ್ಕೆ ಕೈ ನಡುಗಿದರೂ ಅಡ್ಡಿಯಿಲ್ಲ. ನಮ್ಮವರು ರೇಡಿಯೋ ಕೇಳುತ್ತಾ ಗಂಟೆಗಟ್ಟಲೆ ಉಜ್ಜಿದರು.

ಇನ್ನು ಕುರ್ಚಿಯ ಬೆಲ್ಟು. ಗಾಜಿನ ಮುಚ್ಚಳದ ಕೆಳಗೆ ಮೊದಲು ಕಾಣುವುದು ಅದೇ. ಬಣ್ಣ ಬಳಿಯುವವರು ಬಳಸುವ ಮಾಸ್ಕಿಂಗ್ ಟೇಪನ್ನು ಒಂದೂವರೆ ಮಿಲಿಮೀಟರ್ ಅಗಲದ ಪಟ್ಟಿಯಾಗಿ ಕತ್ತರಿಸಿ. ಹೆಗಲಿಗೆ ಎರಡು, ಸೊಂಟಕ್ಕೆ ಎರಡು. ಸೂಜಿಮೊನೆಯಿಂದ ಸಾಲಾಗಿ ಚುಕ್ಕೆ ಚುಚ್ಚಿದರೆ ಅವೇ ಬೆಲ್ಟಿನ ತೂತುಗಳು. ತಂತಿಯ ಎಳೆ ಬಾಗಿಸಿದರೆ ಬಕಲು. ರವಿಕೆಗೆ ಕಾಜಾ ಹೊಲಿದ ಕೈಗೆ ಇದೇನು ಮಹಾ? ಅದನ್ನು ಮಾಡುವಾಗ ನನಗೊಂದು ಯೋಚನೆ ಬಂತು. ಈ ಕುರ್ಚಿಗಳಲ್ಲಿ ಕೂತವರು ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ಯಾರದೋ ಮಗನನ್ನು ಹಿಡಿದಿಟ್ಟಿದ್ದ ಬೆಲ್ಟು ಇದು. ಅಷ್ಟು ಹೊತ್ತೂ ಆಟಿಕೆ ಎಂದುಕೊಂಡಿದ್ದು ಆಮೇಲೆ ಹಾಗೆ ಕಾಣಲಿಲ್ಲ.

ರೆಕ್ಕೆಯ ಮುಂಚೂಣಿಯಲ್ಲಿ ಬಂದೂಕಿನ ತೂತುಗಳಿಗೆ ಕೆಂಪು ಬಟ್ಟೆಯ ತೇಪೆ ಹಚ್ಚುತ್ತಿದ್ದರು, ಧೂಳು ತೇವ ಒಳಗೆ ಹೋಗದಿರಲೆಂದು. ಕೆಂಪು ಬಣ್ಣದ ಪುಟ್ಟ ಚೌಕ ಬರೆದರೆ ಕಾಸು ಖರ್ಚಿಲ್ಲದೆ ಕಳೆ ಬರುತ್ತದೆ. ಹೊಗೆ ಕೊಳವೆಗಳ ಬಾಯನ್ನು ಸಣ್ಣ ಕೈಡ್ರಿಲ್ಲಿನಿಂದ ಸ್ವಲ್ಪ ಕೊರೆದು ಟೊಳ್ಳು ಮಾಡಿ. ಚಕ್ರದ ತಳವನ್ನು ಒಂದು ಚೂರು ಉಜ್ಜಿದರೆ ವಿಮಾನದ ಭಾರಕ್ಕೆ ಟೈರು ಅದುಮಿದಂತೆ ತೋರುತ್ತದೆ.

ಇಷ್ಟೇ ಸಾಕೆ ಎಂದರೆ, ಬೀಟ್ರಿಸ್ ಶಿಲ್ಲಿಂಗ್ ಎಂಬಾಕೆಯ ಕೆಲಸ ಕೇಳಿ. ಸ್ಪಿಟ್‌ಫೈರಿನ ಎಂಜಿನ್ಗೆ ಒಂದು ಕಾಯಿಲೆ ಇತ್ತು. ಮೂತಿಯನ್ನು ತಟಕ್ಕನೆ ಕೆಳಕ್ಕೆ ಮಾಡಿದರೆ ಕಾರ್ಬುರೇಟರ್ ಎಡವಟ್ಟಾಗಿ ಎಂಜಿನ್ ಕೆಮ್ಮಿ ನಿಲ್ಲುವಂತಾಗುತ್ತಿತ್ತು. 1941ರಲ್ಲಿ ಈ ಮಹಿಳಾ ಎಂಜಿನಿಯರ್ ನಡುವೆ ತೂತಿರುವ ಪುಟ್ಟ ಲೋಹದ ಬಿಲ್ಲೆಯೊಂದನ್ನು ಪೆಟ್ರೋಲು ಹರಿಯುವ ದಾರಿಯಲ್ಲಿ ಕೂರಿಸಿ ಆ ತೊಂದರೆಯನ್ನು ಬಹುಮಟ್ಟಿಗೆ ಕಳೆದರು. ಒಂದು ಬಿಲ್ಲೆ! ಸರಿಯಾದ ಜಾಗ ಗೊತ್ತಿದ್ದರೆ ತಿದ್ದುವುದಕ್ಕೆ ರಾಶಿ ಸಾಮಾನು ಬೇಕಿಲ್ಲ.

ಬಣ್ಣ, ಅಕ್ಷರ

ಬಣ್ಣವೂ ವರ್ಷಕ್ಕೆ ತಕ್ಕಂತೆ ಬದಲಾಗುತ್ತದೆ. 1941ರ ಆಗಸ್ಟಿನವರೆಗೆ ಮೇಲುಭಾಗ ಕಡುಹಸಿರು ಮತ್ತು ಮಣ್ಣಿನ ಕಂದು. ಆಮೇಲೆ ಕಂದಿನ ಜಾಗಕ್ಕೆ ಸಮುದ್ರದ ಬೂದು ಬಂತು, ಹೊಟ್ಟೆಯ ಭಾಗ ತಿಳಿಬೂದು. ನಾವು ಮಾಡಿದ್ದು 1943ರ ವಿಮಾನವಾದ್ದರಿಂದ ಹಸಿರು, ಬೂದು. ಬಾಲದ ಹತ್ತಿರ ತಿಳಿಹಸಿರು ಪಟ್ಟಿ. ಡಿ, ವಿ ಅಕ್ಷರಗಳಿಗೂ ಅದೇ ಬಣ್ಣ.

ಪೆಟ್ಟಿಗೆಯಲ್ಲಿ ಮೈಸೂರು ದಳದ ಅಕ್ಷರಗಳಿರಲಿಲ್ಲ. ಬೇರೆ ತರಿಸುವ ಬದಲು ಟೇಪಿನ ಮೇಲೆ ಅಕ್ಷರ ಬರೆದು, ಕತ್ತರಿಸಿ, ಅಚ್ಚು ಮಾಡಿಕೊಂಡೆ. ರಂಗೋಲಿ ಅಚ್ಚಿನ ಹಾಗೇ. ಮೂರನೆಯ ಅಕ್ಷರ ಒಂದೊಂದು ವಿಮಾನಕ್ಕೆ ಒಂದೊಂದು. ಹಳೆಯ ಫೋಟೋ ನೋಡಿ ಆರಿಸಿಕೊಳ್ಳಿ.

ಗಮನದಲ್ಲಿಡಿ

ಬಿಡಿಭಾಗಗಳ ಚೌಕಟ್ಟುಗಳನ್ನು ಮೊದಲು ಪಾತ್ರೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಜಿಡ್ಡು ಹೋದರೇನೇ ಬಣ್ಣ ಹಿಡಿಯುವುದು.

ಅಂಟು ಒಣಗುವತನಕ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಬಿಗಿಹಿಡಿಯಿರಿ.

ಪೈಲಟ್ಟಿನ ಗಾಜಿಗೆ ಸೂಪರ್ ಗ್ಲೂ ಖಂಡಿತ ಬೇಡ, ಮಂಜು ಕವಿಯುತ್ತದೆ. ಬಿಳಿ ಫೆವಿಕಾಲ್ ಸಾಕು. ಅದರದೇ ಒಂದೊಂದು ತೊಟ್ಟು ಗಡಿಯಾರಗಳಂಥ ಮೀಟರುಗಳ ಮೇಲಿಟ್ಟರೆ ಒಣಗಿ ಗಾಜಿನಂತೆ ಹೊಳೆಯುತ್ತದೆ.

ಉಗುರಿನ ಬಣ್ಣ ತೆಗೆಯುವ ದ್ರವ ತಾಗಿದರೆ ಪ್ಲಾಸ್ಟಿಕ್ ಕರಗುತ್ತದೆ, ದೂರವಿಡಿ. ಉಗುರು ಉಜ್ಜುವ ಪಟ್ಟಿ ಮಾತ್ರ ಬಹಳ ಉಪಯೋಗ.

ಥಿನ್ನರ್, ಬಣ್ಣ, ಅಂಟು ಯಾವುದನ್ನೂ ಗ್ಯಾಸ್ ಒಲೆಯ ಅಥವಾ ದೇವರ ದೀಪದ ಹತ್ತಿರ ತೆರೆಯಬೇಡಿ. ಕಿಟಕಿ ತೆರೆದಿರಲಿ. ಬ್ಲೇಡು, ಸೂಪರ್ ಗ್ಲೂ ಮಕ್ಕಳ ಕೈಗೆ ಸಿಗದಿರಲಿ.

ಅರಸೀಕೆರೆಯ ಸೋದರಿಗೆ ಕೊನೆಯ ಮಾತು. ಮಿಕ್ಸಿಯ ಲೆಕ್ಕ ತಪ್ಪಲ್ಲ. ಮನೆ ನಡೆಸುವವಳು ಲೆಕ್ಕ ಕೇಳಲೇಬೇಕು. ಒಂದು ಮೊತ್ತ ಗೊತ್ತುಮಾಡಿ, ಪೆಟ್ಟಿಗೆ, ಬಣ್ಣ, ಅಂಟು ಎಲ್ಲ ಅದರೊಳಗೇ ಆಗಬೇಕು ಅನ್ನಿ. ಒಂದು ಮುಗಿಯುವ ತನಕ ಇನ್ನೊಂದು ಬರಬಾರದು ಅನ್ನಿ. ಆದರೆ “ಈ ವಯಸ್ಸಿನಲ್ಲಿ ಬೇಕಾ” ಎಂಬ ಮಾತು ಮಾತ್ರ ಬೇಡ ತಾಯಿ. ಆ ಮಾತಿಗೆ ನಾನು ತೆತ್ತ ಬೆಲೆ ಎಂಟು ತಿಂಗಳು.

ನನ್ನ ಮೊಮ್ಮಗ ಈಗಲೂ ಕೆಣಕುತ್ತಾನೆ. 1940ರ ಜುಲೈನಲ್ಲಿ ಸ್ಪಿಟ್‌ಫೈರ್ ಕಟ್ಟಲು ಅಲ್ಯೂಮಿನಿಯಂ ಪಾತ್ರೆ ಕೊಡಿ ಅಂತ ಬ್ರಿಟನ್ನಿನ ಸರ್ಕಾರ ಕರೆ ಕೊಟ್ಟಾಗ, ಅಲ್ಲಿಯ ಗೃಹಿಣಿಯರು ಬಾಣಲೆ, ಕೆಟಲ್ಲು ತಂದು ರಾಶಿ ಹಾಕಿದರಂತೆ. “ಅವರು ಪಾತ್ರೆ ಕೊಟ್ರು, ನೀನು ಒಂದು ಮಿಕ್ಸಿಗೆ ಜಗಳ ಆಡಿದೆ ಅಜ್ಜಿ” ಅಂತಾನೆ.

ವಿಮಾನ ಮುಗಿಯಲು ಏಳು ತಿಂಗಳು ಹಿಡಿಯಿತು. ಒಂದು ಕಡೆ ಬಣ್ಣ ಸ್ವಲ್ಪ ಹರಿದಿದೆ, ಎಡ ಚಕ್ರ ತುಸು ಓರೆ. ಬಂದವರಿಗೆ ಇವರು ಅದನ್ನೇ ಮೊದಲು ತೋರಿಸಿ, “ಇದು ನಾನು ಮಾಡಿದ್ದು, ಬೆಲ್ಟು ಇವಳದ್ದು” ಅನ್ನುತ್ತಾರೆ. ಕಾಫಿ ಈಗಲೂ ಅರ್ಧ ಲೋಟವೇ. ಆದರೆ ಎರಡು ಸಲ ಕೇಳುತ್ತಾರೆ, ನಾಚಿಕೆಯಿಲ್ಲದೆ.

ಮುಂದಿನ ಸಂಚಿಕೆಯಲ್ಲಿ ಹಳೆಯ ರೇಷ್ಮೆ ಸೀರೆಯ ಅಂಚಿನಿಂದ ದಿಂಬಿನ ಚೀಲ ಹೊಲಿಯುವ ಬಗೆ. ಅಲ್ಲಿಯವರೆಗೆ ನಮಸ್ಕಾರ.